ಗಾಯಗೊಂಡ ಜಿಂಕೆಯ ಜಾಡು ನಾಯಿಗೆ ಸಿಗುವುದು ಹೇಗೆ?

ಪ್ರಶ್ನೆ: ಜರ್ಮನಿಯಲ್ಲಿ ಗುಂಡು ತಗುಲಿ ತಪ್ಪಿಸಿಕೊಂಡ ಜಿಂಕೆಯನ್ನು ಮರುದಿನವೂ ನಾಯಿ ಹುಡುಕಿಕೊಡುತ್ತದಂತೆ. ಕಾಡಿನಲ್ಲಿ ಎಷ್ಟೋ ಜಿಂಕೆಗಳು ಓಡಾಡಿರುವಾಗ ಆ ಒಂದರ ಜಾಡೇ ಹೇಗೆ ಗೊತ್ತಾಗುತ್ತದೆ? ರಕ್ತ ನಿಂತುಹೋದರೆ? ನಮ್ಮ ಮುಧೋಳ ನಾಯಿಗೂ ಈ ವಿದ್ಯೆ ಬರುತ್ತದೆಯೇ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ನಾಯಿ ರಕ್ತದ ಹನಿಗಳನ್ನೇ ಹಿಡಿದು ಹೋಗುತ್ತದೆ ಎಂದು ನೀವು ಎಣಿಸಿದಂತಿದೆ. ಹಲವರು ಹಾಗೇ ತಿಳಿದಿದ್ದಾರೆ. ಆದರೆ ರಕ್ತ ಜಾಡಿನ ಒಂದು ಭಾಗ ಮಾತ್ರ. ಜಿಂಕೆಯ ಗೊರಸಿನ ಸೀಳಿನಲ್ಲಿ ಸಣ್ಣ ಗ್ರಂಥಿಯಿರುತ್ತದೆ. ಹೆಜ್ಜೆಯಿಟ್ಟಲ್ಲೆಲ್ಲ ಅದರ ವಾಸನೆ ನೆಲಕ್ಕೆ ಅಂಟುತ್ತದೆ. ತುಳಿತಕ್ಕೆ ಜಜ್ಜಿದ ಹುಲ್ಲು, ಕೆದರಿದ ಮಣ್ಣಿನ ವಾಸನೆಯೂ ಅದರ ಜೊತೆ ಸೇರುತ್ತದೆ. ಪಳಗಿದ ನಾಯಿಗೆ ಒಂದು ಜಿಂಕೆಯ ವಾಸನೆ ಇನ್ನೊಂದರದಕ್ಕಿಂತ ಬೇರೆಯೆಂದು ತಿಳಿಯುತ್ತದೆ. ಹಾಗಾಗಿ ರಕ್ತ ನಿಂತರೂ ಜಾಡು ಕಡಿಯುವುದಿಲ್ಲ.

ಕೆಲಸ ಶುರುವಾಗುವುದು ಗುಂಡು ತಗುಲಿದ ಜಾಗದಲ್ಲಿ. ಬೇಟೆಗಾರ ಅಲ್ಲೊಂದು ರೆಂಬೆ ಮುರಿದಿಟ್ಟು ಗುರುತು ಮಾಡುತ್ತಾನೆ. ನಾಯಿಯ ಒಡೆಯ ಮಂಡಿಯೂರಿ ಎಲೆಗಳನ್ನು ಒಂದೊಂದಾಗಿ ತಿರುವಿ ನೋಡುತ್ತಾನೆ. ನೊರೆಗೂಡಿದ ತಿಳಿಗೆಂಪು ರಕ್ತವಿದ್ದರೆ ಪೆಟ್ಟು ಶ್ವಾಸಕೋಶಕ್ಕೆ. ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಕಂದುಗೆಂಪಾದರೆ ಯಕೃತ್ತಿಗೆ. ಅರ್ಧ ಜೀರ್ಣವಾದ ಹುಲ್ಲಿನ ಚೂರು ಕಂಡರೆ ಹೊಟ್ಟೆಗೆ. ಮೂಳೆಯ ಚೂರಾದರೆ ಬಹುಶಃ ಕಾಲಿಗೆ.

ಹೊಟ್ಟೆಗೆ ತಗುಲಿದೆ ಎಂದು ಗೊತ್ತಾದರೆ ಹಲವು ಗಂಟೆ ಕಾಯಲೇಬೇಕು. ತಡಮಾಡುವುದು ಕ್ರೌರ್ಯವಲ್ಲವೇ ಎಂದು ನಿಮಗೆ ಅನಿಸೀತು. ಆದರೆ ಬೆನ್ನು ಹತ್ತದಿದ್ದರೆ ಜಿಂಕೆ ಸ್ವಲ್ಪ ದೂರದಲ್ಲೇ ಮಲಗಿಬಿಡುತ್ತದೆ. ಆಗಲೇ ಅಟ್ಟಿದರೆ ನೋವಿನಲ್ಲೇ ಮೈಲುಗಟ್ಟಲೆ ಓಡುತ್ತದೆ. ಗಾಯಗೊಂಡ ಮಿಕವನ್ನು ನರಳಲು ಬಿಡಬಾರದೆಂಬುದು ಜರ್ಮನಿಯ ಬೇಟೆ ಕಾನೂನಿನಲ್ಲೇ ಇದೆ.

ಆಮೇಲೆ ನಾಯಿಯ ಅಗಲವಾದ ಕೊರಳಪಟ್ಟಿಗೆ ಉದ್ದನೆಯ ಹಗ್ಗ ಕಟ್ಟಿ ಹೊರಡುತ್ತಾರೆ. ಇದು ಅಟ್ಟಿಸಿಕೊಂಡು ಹೋಗುವ ಬೇಟೆಯಲ್ಲ; ನಾಯಿ ಮೂಗನ್ನು ನೆಲಕ್ಕಿಟ್ಟು ನಿಧಾನವಾಗಿ ನಡೆಯುತ್ತದೆ. ಎಲೆಯ ಮೇಲೊಂದು ಹನಿಯೋ ಒಂದೆಳೆ ಕೂದಲೋ ಸಿಕ್ಕರೆ ನಿಂತು ಅದರತ್ತ ಮೂಗು ತೋರಿಸುತ್ತದೆ. ಒಡೆಯ ಬಗ್ಗಿ ನೋಡಿ ಬೆನ್ನು ತಟ್ಟುತ್ತಾನೆ. ಜಿಂಕೆ ಇನ್ನೂ ಜೀವದಿಂದಿದ್ದು ಎದ್ದು ಓಡಿದರೆ ಮಾತ್ರ ಹಗ್ಗ ಬಿಚ್ಚುತ್ತಾರೆ. ನಾಯಿ ಅದನ್ನು ಅಡ್ಡಗಟ್ಟಿ ಬೊಗಳುತ್ತ ನಿಲ್ಲಿಸುತ್ತದೆ, ಬೇಟೆಗಾರ ಬಂದು ಕೊನೆಯ ಗುಂಡು ಹಾರಿಸುತ್ತಾನೆ.

ಇದಕ್ಕೆಂದೇ ಹ್ಯಾನೋವರ್ ಮತ್ತು ಬವೇರಿಯಾದ ತಳಿಗಳಿವೆ. ಡ್ಯಾಕ್ಸ್‌ಹುಂಡ್ ಕೂಡ ಈ ಕೆಲಸಕ್ಕೆ ಬರುತ್ತದೆ, ಮೋಟುಗಾಲೆಂದು ನಗಬೇಡಿ. ಪರೀಕ್ಷೆ ಕಠಿಣ: ಸಾವಿರ ಮೀಟರ್ ಉದ್ದಕ್ಕೂ ಕಾಲು ಲೀಟರ್ ರಕ್ತವನ್ನಷ್ಟೇ ಹನಿಸಿ, 20 ಗಂಟೆ ಕಳೆದ ಮೇಲೆ ನಾಯಿಯನ್ನು ಜಾಡಿಗೆ ಹಚ್ಚುತ್ತಾರೆ. ನಡುವೆ ಒಂದು ಇಡೀ ರಾತ್ರಿ ಸರಿದಿರುತ್ತದೆ, ಬೇರೆ ಪ್ರಾಣಿಗಳು ಆ ಜಾಡನ್ನು ದಾಟಿರುತ್ತವೆ, ದಾರಿಯಲ್ಲಿ ಲಂಬಕೋನದ ತಿರುವುಗಳೂ ಇರುತ್ತವೆ. ಕೆಲವರು ಬೂಟಿನಡಿಗೆ ಜಿಂಕೆಯ ಗೊರಸು ಕಟ್ಟಿಕೊಂಡು ನಡೆದು ಜಾಡು ಹಾಕುವುದೂ ಉಂಟು.

ಇನ್ನು ನಿಮ್ಮೂರಿನ ಮುಧೋಳ. ಅದು ಕಣ್ಣಿನಿಂದ ಬೇಟೆಯಾಡುವ ತಳಿ; ಬಯಲಿನಲ್ಲಿ ಮೊಲ ಕಂಡರೆ ಬಾಣದಂತೆ ಹೋಗುತ್ತದೆ, ಕಣ್ಮರೆಯಾದರೆ ಆಸಕ್ತಿ ಇಳಿಯುತ್ತದೆ. ಮೂಗು ಅದಕ್ಕೂ ಇದೆ, ಚಿಕ್ಕಂದಿನಿಂದ ಕಲಿಸಿದರೆ ಒಂದಿಷ್ಟು ಕಲಿತೀತು. ಆದರೆ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಜಿಂಕೆ ಬೇಟೆಯೇ ಅಪರಾಧ. ಇದೇ ಮೂಗಿನ ವಿದ್ಯೆ ಇಲ್ಲಿ ಬೇರೆ ಕಡೆಗೆ ತಿರುಗಿದೆ: ಬಂಡೀಪುರದಲ್ಲಿ ಅರಣ್ಯ ಇಲಾಖೆಯ ರಾಣಾ ಎಂಬ ಜರ್ಮನ್ ಶೆಫರ್ಡ್ ಕಳ್ಳಬೇಟೆಗಾರರ ಜಾಡು ಹಿಡಿದು ಹೆಸರು ಮಾಡಿತ್ತು. ನಿಮ್ಮ ನಾಯಿಯ ಮೂಗನ್ನು ಪರೀಕ್ಷಿಸಬೇಕೆಂದಿದ್ದರೆ ಹಿತ್ತಲಿನಲ್ಲಿ ಮಾಂಸದ ತುಂಡೊಂದನ್ನು ಎಳೆದುಕೊಂಡು ಹೋಗಿ ಬಚ್ಚಿಡಿ, ಅರ್ಧ ಗಂಟೆ ಬಿಟ್ಟು ನಾಯಿಯನ್ನು ಹೊರಗೆ ಕರೆತನ್ನಿ.