ಮಗು ಎಲ್ಲಿ ನಿಂತಿದೆ, ನೋಡಿದ್ದೀರಾ?

"ನಮ್ ಹುಡುಗನಿಗೆ ತಲೆಗೇ ಹತ್ತಲ್ಲ ಮೇಡಂ, ಏನ್ ಮಾಡಾದು ಹೇಳಿ."

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತಿನ ಹಳ್ಳಿಗಳಲ್ಲಿ ಪಾಠ ಮಾಡಿ ನಾನು ನಿವೃತ್ತಳಾದ ಮೇಲೂ ನಮ್ಮ ಮನೆಯ ಜಗಲಿಗೆ ಬಂದು ಕೂರುವ ತಾಯಂದಿರು ಶುರು ಮಾಡುವುದು ಈ ಮಾತಿನಿಂದಲೇ. ಹುಡುಗ ಪಕ್ಕದಲ್ಲೇ ನಿಂತಿರುತ್ತಾನೆ, ಹೆಬ್ಬೆರಳಿನಲ್ಲಿ ನೆಲ ಕೆರೆಯುತ್ತಾ. ನಾನು ಮೊದಲು ಬೈಯುವುದು ತಾಯಿಯನ್ನೇ. ಮಗುವಿನ ಎದುರಿಗೆ ಆ ಮಾತು ಆಡಬೇಡಿ. ದಡ್ಡ, ದಡ್ಡ ಎಂದು ದಿನಾ ಕೇಳಿಸಿಕೊಂಡ ಮಗು ಒಂದು ದಿನ ಅದನ್ನು ನಂಬಿಬಿಡುತ್ತದೆ. ನಂಬಿದ ಮೇಲೆ ಪುಸ್ತಕ ಯಾಕೆ ಮುಟ್ಟುತ್ತದೆ? ಎದುರು ಮನೆಯ ಹುಡುಗಿಯ ಅಂಕ ತಂದು ಇವನ ಮುಂದೆ ಹಿಡಿಯುವುದನ್ನೂ ಬಿಡಿ. ಐದು ಬೆರಳೂ ಒಂದೇ ಸಮ ಇರುವುದಿಲ್ಲ, ಆದರೆ ಅನ್ನ ಕಲಸಲು ಐದೂ ಬೇಕು.

ಆಮೇಲೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ತಲೆಗೆ ಹತ್ತುತ್ತಿಲ್ಲ ಸರಿ, ಎಲ್ಲಿಂದ ಹತ್ತುತ್ತಿಲ್ಲ? ಮೂರನೇ ತರಗತಿಯದ್ದು ಬರುತ್ತದೆಯೇ? ಕಳೆಯುವ ಲೆಕ್ಕ ಬರುತ್ತದೆಯೇ? ಇದಕ್ಕೆ ಉತ್ತರ ಕೊಟ್ಟವರು ಬೆರಳೆಣಿಕೆಯಷ್ಟು ಜನ. ಹಸು ಒಂದು ಹೊತ್ತು ಮೇವು ಬಿಟ್ಟರೆ ನಿಮಗೆ ತಕ್ಷಣ ಗೊತ್ತಾಗುತ್ತದೆ, ಬಾಯಿ ಬಿಡಿಸಿ ನೋಡುತ್ತೀರಿ. ಮಗು ಎರಡು ವರ್ಷದಿಂದ ಓದು ಬಿಟ್ಟಿದ್ದರೂ ಗೊತ್ತಾಗಿರುವುದಿಲ್ಲ.

ಹಿರಿಯೂರು ಕಡೆಯ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಈರುಳ್ಳಿ ಬೆಳೆಯುವ ಮನೆ, ಆರನೇ ತರಗತಿ. ಪಾಠ ಓದು ಎಂದೆ. ಗಡಗಡ ಓದಿದ. ತಾಯಿಯ ಮುಖ ಅರಳಿತು. ಅವನ ಕಣ್ಣು ಸಾಲಿನ ಮೇಲೆ ಓಡುತ್ತಿರಲಿಲ್ಲ, ಅದನ್ನು ನಾನು ನೋಡಿದೆ. ಬೇರೆ ಪುಸ್ತಕ ಕೊಟ್ಟೆ. ನಿಂತುಬಿಟ್ಟ. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವಾಗ ಕೇಳಿ ಕೇಳಿ ಪಾಠವೇ ಬಾಯಿಪಾಠವಾಗಿತ್ತು. ಅಷ್ಟು ಉದ್ದದ ಪಾಠವನ್ನು ನೆನಪಿಟ್ಟುಕೊಂಡವನು ದಡ್ಡನೇ?

ಅವನನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಬಸ್ಸಿನ ಬೋರ್ಡು ಓದಿಸಿದೆ. "ಹಿರಿಯೂರು" ಸಲೀಸಾಗಿ ಓದಿದ. ಅದರಲ್ಲಿ ಒತ್ತಕ್ಷರ ಒಂದೂ ಇಲ್ಲ, ಬರೀ ಗುಣಿತಾಕ್ಷರ. "ಹೊಳಲ್ಕೆರೆ" ಬಂದಾಗ ಲ್ಕೆ ಹತ್ತಿರ ತಡವರಿಸಿ "ಹೊಳಲೆರೆ" ಎಂದ. "ಹೊಸದುರ್ಗ"ದಲ್ಲಿ ಅರ್ಕಾವೊತ್ತು. ಬರೆಯುವುದು ಗಕಾರದ ನಂತರ, ಉಚ್ಚರಿಸುವುದು ಗಕಾರಕ್ಕಿಂತ ಮೊದಲು. ಅಲ್ಲಿ "ಹೊಸದುಗ" ಆಯಿತು. "ಚಿತ್ರದುರ್ಗ"ದಲ್ಲಿ ಎರಡೂ ತೊಡಕು ಒಟ್ಟಿಗೇ ಇವೆ, ತಕಾರಕ್ಕೆ ರಕಾರದ ಒತ್ತು, ಕೊನೆಯಲ್ಲಿ ಅರ್ಕಾವೊತ್ತು. ಬೋರ್ಡು ನೋಡಿ ಸುಮ್ಮನಾದ. ತನ್ನ ಜಿಲ್ಲೆಯ ಹೆಸರು ಓದಲು ಬರದ ಹುಡುಗನಿಗೆ ಆರನೇ ತರಗತಿಯ ಸಮಾಜ ವಿಜ್ಞಾನ ಹೇಗೆ ಬಂದೀತು? ಅವನ ತೊಂದರೆ ಸಮಾಜದಲ್ಲಿರಲಿಲ್ಲ, ವಿಜ್ಞಾನದಲ್ಲಿರಲಿಲ್ಲ. ಅವನು ಒತ್ತಕ್ಷರದ ಹತ್ತಿರ ನಿಂತಿದ್ದ. ಅಲ್ಲಿಗೆ ಯಾರೂ ಹೋಗಿ ಅವನನ್ನು ಕರೆದುಕೊಂಡು ಬಂದಿರಲಿಲ್ಲ, ಅಷ್ಟೇ.

ಮಕ್ಕಳು ಹೀಗೆ ನಡುದಾರಿಯಲ್ಲಿ ನಿಲ್ಲುವುದಕ್ಕೆ ಕಾರಣಗಳಿವೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೊದಲ ಮೂರು ತರಗತಿಗೆ ನಲಿ–ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಕಲಿಕೆಯ ಏಣಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ತನ್ನ ವೇಗದಲ್ಲಿ ಹತ್ತುತ್ತದೆ. ನನಗೆ ಬಹಳ ಇಷ್ಟವಾದ ಪದ್ಧತಿ ಅದು. ನಾಲ್ಕನೇ ತರಗತಿಗೆ ಬಂದಾಗ ಆ ಏಣಿ ಇರುವುದಿಲ್ಲ, ಒಂದೊಂದು ವಿಷಯಕ್ಕೆ ಒಂದೊಂದು ಪುಸ್ತಕ. ಏಣಿ ಪೂರ್ತಿ ಹತ್ತದ ಮಗು ಅಲ್ಲೇ ಉಳಿಯುತ್ತದೆ. ಕೊರೊನಾ ಕಾಲದಲ್ಲಿ ಅಕ್ಷರ ಕಲಿಯಬೇಕಿದ್ದ ಮಕ್ಕಳದ್ದು ಇನ್ನೊಂದು ಕಥೆ. ಶಾಲೆ ತೆರೆದ ಮೇಲೆ 2022–23ರಲ್ಲಿ ಕಲಿಕಾ ಚೇತರಿಕೆ ಎಂದು ಇಡೀ ವರ್ಷ ಮಾಡಿದರೂ ಎಲ್ಲರ ಕೊರತೆ ತುಂಬಲಿಲ್ಲ. ಆ ಮಕ್ಕಳು ಈಗ ದೊಡ್ಡ ತರಗತಿಗಳಲ್ಲಿ ಕೂತಿದ್ದಾರೆ. ಎಂಟನೇ ತರಗತಿಯವರೆಗೆ ಸಾಮಾನ್ಯವಾಗಿ ಯಾರನ್ನೂ ಹಿಂದೆ ಉಳಿಸುವುದಿಲ್ಲ. ಪ್ರಗತಿ ಪತ್ರದಲ್ಲಿ ಏನಿದೆ ಎಂದು ನೋಡದೆ ನೀವು ಸಹಿ ಹಾಕಿ ಕಳಿಸುತ್ತೀರಿ. ಒಂಬತ್ತನೇ ತರಗತಿಗೆ ಬಂದಾಗ ಎದೆ ಒಡೆದುಕೊಳ್ಳುತ್ತೀರಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

2023ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು, ಶೇ 96.80. ನಾವೆಲ್ಲ ಸಿಹಿ ಹಂಚಿದೆವು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂತು. ರಾಜ್ಯದ ಫಲಿತಾಂಶವೇ 83.89ರಿಂದ 73.40ಕ್ಕೆ ಇಳಿಯಿತು, ನಮ್ಮ ಜಿಲ್ಲೆ ಬಹಳ ಕೆಳಗೆ ಹೋಯಿತು. ನನಗೆ ನೋವಾಯಿತು. ಆದರೆ ಜಿಲ್ಲೆಯ ಸ್ಥಾನ ಇಲಾಖೆಯವರ ಲೆಕ್ಕ. ನಿಮ್ಮ ಮಗುವಿಗೆ ಒಂದು ಪುಟ ಓದಿ ಅರ್ಥ ಮಾಡಿಕೊಳ್ಳಲು ಬರುತ್ತದೆಯೋ ಇಲ್ಲವೋ, ಅದು ನಿಮ್ಮ ಲೆಕ್ಕ.

ಈಗ ಮಾಡಬೇಕಾದ್ದನ್ನು ಕೇಳಿ. ಎರಡನೇ, ಮೂರನೇ, ನಾಲ್ಕನೇ ತರಗತಿಯ ಕನ್ನಡ ಪುಸ್ತಕ ತನ್ನಿ. ಮಗು ಏಳರಲ್ಲಿದ್ದರೂ ಪರವಾಗಿಲ್ಲ, ಕೆಳಗಿನಿಂದ ಓದಿಸುತ್ತಾ ಬನ್ನಿ. ಅದು ಎಲ್ಲಿ ತಡವರಿಸುತ್ತದೋ ಅಲ್ಲಿಂದ ನಿಮ್ಮ ಕೆಲಸ ಶುರು. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನ ತಪ್ಪಬಾರದು. ಭಾನುವಾರ ಮೂರು ಗಂಟೆ ಕೂರಿಸಿ ವಾರವೆಲ್ಲ ಮರೆತರೆ ಏನೂ ಉಳಿಯುವುದಿಲ್ಲ. ಹನಿ ಹನಿ ಕೂಡಿದರೆ ಹಳ್ಳ. ಟಿ.ವಿ. ಆರಿಸಿ. ನಿಮ್ಮ ಮೊಬೈಲನ್ನೂ ಕೆಳಗಿಡಿ. ಅಮ್ಮ ರೀಲ್ಸ್ ನೋಡುತ್ತಾ "ಓದೋ" ಎಂದರೆ ಯಾವ ಮಗು ಓದುತ್ತದೆ? ನಿಮಗೆ ಓದು ಬರದಿದ್ದರೆ ನಾಚಿಕೆ ಬೇಡ. ಪಕ್ಕದಲ್ಲಿ ಕೂತು "ಅದರ ಅರ್ಥ ನನಗೂ ಹೇಳು" ಅನ್ನಿ. ಹೇಳಿಕೊಡುವ ಮಗು ಎರಡು ಸಲ ಕಲಿಯುತ್ತದೆ.

ಕೆಳಗಿನ ತರಗತಿಯ ಪುಸ್ತಕ ಹಿಡಿದಿದ್ದಕ್ಕೆ ಅಕ್ಕ, ಅಣ್ಣ ನಗದಂತೆ ನೋಡಿಕೊಳ್ಳುವುದೂ ನಿಮ್ಮ ಜವಾಬ್ದಾರಿ.

ಮನೆಯಲ್ಲಿ ಕನ್ನಡವಲ್ಲದ ಮಾತು ಆಡುವವರಿದ್ದೀರಿ. ತಾಂಡಾಗಳಲ್ಲಿ ಲಂಬಾಣಿ, ಆಂಧ್ರದ ಗಡಿ ಕಡೆ ತೆಲುಗು, ಪೇಟೆಯಲ್ಲಿ ಉರ್ದು. ಆ ಮಾತನ್ನು ಬಿಡಿಸಬೇಡಿ. ಪಾಠದ ಅರ್ಥವನ್ನು ಮೊದಲು ಮನೆಮಾತಿನಲ್ಲಿ ಹೇಳಿ, ಆಮೇಲೆ ಪುಸ್ತಕದ ಮಾತಿಗೆ ಬನ್ನಿ. ಇಂಗ್ಲಿಷ್ ಮಾಧ್ಯಮದ ವ್ಯಾನು ಮನೆ ಬಾಗಿಲಿಗೆ ಬರುತ್ತದೆ ಎಂದು ನಡುವೆ ಶಾಲೆ ಬದಲಿಸುವವರಿಗೂ ಒಂದು ಮಾತು: ಕನ್ನಡದಲ್ಲೇ ಓದಿ ತಿಳಿಯಲು ಕಷ್ಟಪಡುವ ಮಗುವಿಗೆ ಮಾಧ್ಯಮ ಬದಲಿಸಿದರೆ ಹೊರೆ ಎರಡಾಗುತ್ತದೆ.

ಲೆಕ್ಕಕ್ಕೆ ನಮ್ಮ ಸೀಮೆಯಲ್ಲಿ ಬೇರೆ ಗುರು ಬೇಕಿಲ್ಲ. ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಈರುಳ್ಳಿ ಹಾಕಿ ಬರುತ್ತೀರಲ್ಲ, ಮಂಡಿಯಿಂದ ತಂದ ಚೀಟಿಯನ್ನು ಮಗುವಿನ ಕೈಗೆ ಕೊಡಿ. 42 ಚೀಲ, ಚೀಲಕ್ಕೆ 50 ಕಿಲೋ, ಒಟ್ಟು ಎಷ್ಟು ಕ್ವಿಂಟಲ್? 21. ಕ್ವಿಂಟಲಿಗೆ 1400 ರೂಪಾಯಿ ಎಂದಿಟ್ಟುಕೊಂಡರೆ 29,400. ಲಾರಿ ಬಾಡಿಗೆ ಕಳಿ, ಹಮಾಲಿ ಕಳಿ, ಕೈಗೆ ಬಂದದ್ದೆಷ್ಟು? ಸೊನ್ನೆಯಿಂದ ಕಳೆಯುವಾಗ ಪಕ್ಕದ ಮನೆಯಿಂದ ದಶಕ ತರುವುದು ಗೊತ್ತಾಗದೆ ಎಷ್ಟೋ ಮಕ್ಕಳು ಅಲ್ಲೇ ನಿಂತಿರುತ್ತಾರೆ. ಹತ್ತು ರೂಪಾಯಿಯ ನೋಟು, ಒಂದು ರೂಪಾಯಿಯ ನಾಣ್ಯ ಮುಂದಿಟ್ಟು ಚಿಲ್ಲರೆ ಮಾಡಿಸಿ ತೋರಿಸಿ. ತೆಂಗಿನ ತೋಟದವರು ಕಾಯಿ ಎಣಿಸಲಿ, ಅಡಕೆಯವರು ತೂಕ ಹಾಕಿಸಲಿ.

ಈರುಳ್ಳಿಯ ಮಾತು ಬಂದದ್ದಕ್ಕೆ ಇನ್ನೊಂದು ಬೈಗುಳ ಬಾಕಿ ಇದೆ. ಸೆಪ್ಟೆಂಬರ್, ಅಕ್ಟೋಬರ್ ಬಂದರೆ ಈರುಳ್ಳಿ ಕೀಳಲು, ಕೊಯ್ಯಲು ಮಕ್ಕಳನ್ನು ನಿಲ್ಲಿಸಿಕೊಳ್ಳುತ್ತೀರಿ. ಕೂಲಿಯವರು ಸಿಗುವುದಿಲ್ಲ, ನಿಮ್ಮ ಕಷ್ಟ ನನಗೆ ಗೊತ್ತು. ಆದರೆ ಅರ್ಧವಾರ್ಷಿಕ ಪರೀಕ್ಷೆಯೂ ಆ ಹೊತ್ತಿಗೇ ಬರುತ್ತದೆ. ಹತ್ತು ದಿನ ತಪ್ಪಿಸಿಕೊಂಡ ಮಗು ಭಿನ್ನರಾಶಿ ಶುರುವಾದದ್ದನ್ನೇ ಕಂಡಿರುವುದಿಲ್ಲ, ಮುಂದೆ ವರ್ಷವೆಲ್ಲ ಪಿಳಿಪಿಳಿ ನೋಡುತ್ತದೆ. ಜಾತ್ರೆ, ಮದುವೆ, ದೇವರ ಹೆಸರಿನಲ್ಲಿ ವಾರಗಟ್ಟಲೆ ಊರಿಗೆ ಹೋಗುವುದೂ ಹೀಗೇ. ಶಾಲೆ ಬಿಟ್ಟ ಮೇಲೆ ಕೆಲಸಕ್ಕೆ ಕೈ ಹಾಕಲಿ, ಬೇಡ ಅನ್ನುವುದಿಲ್ಲ. ಶಾಲೆ ತಪ್ಪಿಸಬೇಡಿ.

ಟ್ಯೂಷನ್ ಬಗ್ಗೆ ಎಲ್ಲರೂ ಕೇಳುತ್ತೀರಿ. ಒತ್ತಕ್ಷರ ಬರದ ಮಗುವನ್ನು ಬೀಜಗಣಿತದ ಟ್ಯೂಷನ್ನಿಗೆ ಕಳಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಹಾಗೆಯೇ ಬೆತ್ತ. "ನಾಲ್ಕು ಬಾರಿಸಿ ಮೇಡಂ, ನಾವೇನೂ ಅನ್ನಲ್ಲ" ಎನ್ನುವ ತಂದೆಯರನ್ನು ಬೇಕಾದಷ್ಟು ಕಂಡಿದ್ದೇನೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯಲ್ಲೂ ಅದು ನಿಲ್ಲಲಿ. ಹೆದರಿದ ಮಗು ಪುಸ್ತಕ ಮುಚ್ಚಿಡುವುದನ್ನು ಕಲಿಯುತ್ತದೆ, ಸುಳ್ಳು ಹೇಳುವುದನ್ನು ಕಲಿಯುತ್ತದೆ.

ಓದಿಗೆ ಬೈಯುವ ಮೊದಲು ಕಣ್ಣು, ಕಿವಿ, ಹೊಟ್ಟೆ ಮೂರನ್ನೂ ನೋಡಿ. ಬೋರ್ಡಿನಲ್ಲಿರುವುದನ್ನು ಪಕ್ಕದವನ ಪುಸ್ತಕ ನೋಡಿ ಬರೆಯುವ ಮಗುವಿಗೆ ಕಣ್ಣು ಕಾಣುತ್ತಿಲ್ಲದಿರಬಹುದು. ಕೂಗಿದರೆ ತಡವಾಗಿ ತಿರುಗುವ ಮಗುವನ್ನು ಮೊಂಡ ಅನ್ನಬೇಡಿ, ಕಿವಿ ಸೋರುತ್ತಿದೆಯೇ ನೋಡಿ. ದಯವಿಟ್ಟು ಆ ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ, ವೈದ್ಯರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೇ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಆ ದಿನ ಮಗುವನ್ನು ತಪ್ಪಿಸಬೇಡಿ, ಚೀಟಿ ಬರೆದುಕೊಟ್ಟರೆ ಚೀಟಿಯನ್ನು ಗೂಡಿನಲ್ಲಿ ಸಿಕ್ಕಿಸಿ ಮರೆಯಬೇಡಿ. ಬೆಳಿಗ್ಗೆ ಟೀ, ಬನ್ನು ಕೊಟ್ಟು ಕಳಿಸಿದರೆ ಮಧ್ಯಾಹ್ನದ ಬಿಸಿಯೂಟದವರೆಗೆ ಮಗು ಹೇಗೆ ಕೂತೀತು? ಒಂದು ರಾಗಿ ರೊಟ್ಟಿ ತಿನ್ನಿಸಿ ಕಳಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ, ಜಂತುಹುಳುವಿನ ಮಾತ್ರೆ ನುಂಗಿದ್ದಾನೋ ಕಿಟಕಿಯಿಂದ ಎಸೆದಿದ್ದಾನೋ ಕೇಳಿ.

ಕಣ್ಣು ಕಿವಿ ಚೆನ್ನಾಗಿದ್ದು, ಬುದ್ಧಿ ಚುರುಕಾಗಿದ್ದು, ತಿಂಗಳುಗಟ್ಟಲೆ ಕೂತು ಕಲಿಸಿದರೂ ಅಕ್ಷರ ಅದಲುಬದಲಾಗುತ್ತಿದ್ದರೆ ಅದಕ್ಕೆ ಕಲಿಕಾ ನ್ಯೂನತೆ ಕಾರಣವಿರಬಹುದು. ಇದು ಸೋಮಾರಿತನವಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಇದೂ ಒಂದು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆಂದೇ ತರಬೇತಿ ಪಡೆದ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಮುಖ್ಯ ಶಿಕ್ಷಕರ ಮೂಲಕ ಅವರನ್ನು ಕಾಣಿ. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆಯಲು ಸಹಾಯಕರು ಸಿಗುತ್ತಾರೆ. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗುವ ಕೆಲಸವಲ್ಲ, ಮೊದಲೇ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ವಾಕ್ ಶ್ರವಣ ಸಂಸ್ಥೆಯಲ್ಲೂ ಇಂಥ ಮಕ್ಕಳನ್ನು ನೋಡುತ್ತಾರೆ.

ಹತ್ತನೇ ತರಗತಿಯ ಮಗು ಮನೆಯಲ್ಲಿದ್ದರೆ ಇದೂ ತಿಳಿದಿರಲಿ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತವೆ. ಒಂದರಲ್ಲಿ ಬಿದ್ದರೆ ಆ ವರ್ಷವೇ ಮತ್ತೆ ಬರೆಯಬಹುದು. ಫಲಿತಾಂಶದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿ, ನೆಂಟರ ಫೋನಿಗೆ ಉತ್ತರ ನೀವೇ ಕೊಡಿ.

ಮಗು ಯಾವುದರಲ್ಲಿ ಮುಂದಿದೆಯೋ ಅದನ್ನು ಕಿತ್ತುಕೊಳ್ಳಬೇಡಿ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಸ್ವಾಮೀಜಿ 1987ರಲ್ಲಿ ಕಲಾಸಂಘ, 1997ರಲ್ಲಿ ಶಿವಸಂಚಾರ ಎಂಬ ನಾಟಕ ತಂಡ ಕಟ್ಟಿ ನಮ್ಮ ಬಯಲುಸೀಮೆಗೆ ನಾಟಕ ತಂದರು. ಅಲ್ಲಿಗೆ ಹೋಗಿ ನಾಟಕ ನೋಡಿ ಬಂದು ನಮ್ಮ ಶಾಲೆಯಲ್ಲೂ ಒಂದು ಆಡಿಸಿದೆ. ಪಾಠ ಓದಲು ಹೆದರುತ್ತಿದ್ದ ಹುಡುಗಿ ತನ್ನ ಮಾತು ಕಲಿಯಬೇಕೆಂಬ ಆಸೆಗೆ ಹಾಳೆಯನ್ನು ಇಪ್ಪತ್ತು ಸಲ ಓದಿದಳು. "ಓದಲ್ಲ, ಇನ್ನು ಕಬಡ್ಡಿ ಬಂದ್" ಎನ್ನುವವರು ಇದನ್ನು ಯೋಚಿಸಿ.

ಆ ಈರುಳ್ಳಿ ಮನೆಯ ಹುಡುಗ ಬೇಸಿಗೆ ರಜೆಯಲ್ಲಿ ನಲವತ್ತು ದಿನ ನಮ್ಮ ಜಗಲಿಗೆ ಬಂದ. ಮೊದಲು ಅಕ್ಕ, ಕತ್ತೆ, ಅಮ್ಮ. ಆಮೇಲೆ ಕಷ್ಟ, ಪುಸ್ತಕ. ಕೊನೆಗೆ ಸೂರ್ಯ, ದುರ್ಗ. ಮಧ್ಯೆ ಎರಡು ಸಲ ಅತ್ತ, ಒಂದು ಸಲ ಪುಸ್ತಕ ಎಸೆದ. ಶಾಲೆ ಶುರುವಾಗುವ ಹಿಂದಿನ ದಿನ ಬಸ್ಸಿನ ಬೋರ್ಡು ಓದಿ, ಚಿತ್ರದುರ್ಗದ ಬಸ್ಸಿಗೆ ತಾನೇ ಕೈ ತೋರಿಸಿ ನಿಲ್ಲಿಸಿದ.

ನೀವೂ ಇವತ್ತು ಸಂಜೆಯೇ ಎರಡನೇ ತರಗತಿಯ ಪುಸ್ತಕ ಹುಡುಕಿ. ಮನೆಯಲ್ಲಿ ಇಲ್ಲದಿದ್ದರೆ ಶಾಲೆಯಲ್ಲಿ ಕೇಳಿ, ಹಳೆಯದೊಂದು ಕೊಡುತ್ತಾರೆ.