ಪಗಾರ, ಪ್ಲಾಟ್‌ಫಾರ್ಮ್ ಮತ್ತು ಮೊದಲ ಕೆಲಸ

ಮುಂಬಯಿ ವಿಶ್ವವಿದ್ಯಾಲಯದ ಟಿವೈ (ಡಿಗ್ರಿಯ ಮೂರನೇ ವರ್ಷದ) ರಿಸಲ್ಟ್ ಬಂದ ವಾರ ಡೊಂಬಿವಲಿಯ ಕನ್ನಡ ಮನೆಗಳಲ್ಲಿ ಫೋನು ಸುಮ್ಮನಿರುವುದಿಲ್ಲ. ಊರಿನಿಂದ ಅಜ್ಜಿ ಕೇಳುವುದು, ಹುಡುಗ ಪಾಸಾದನೇ ಎಂದು. ಮೇಲಿನ ಮಾಳಿಗೆಯ ಮಾಮಿ ಕೇಳುವುದು, ಎಲ್ಲಿ ಸೇರಿದ ಎಂದು. ಅಜ್ಜಿಗೆ ಉತ್ತರ ಹೇಳುವುದು ಸುಲಭ. ಮಾಮಿಗೆ ಹೇಳಲು ಈಗೀಗ ವರ್ಷ ಹಿಡಿಯುತ್ತಿದೆ.

ಹುಡುಗರು ಸೋಮಾರಿಗಳಾಗಿದ್ದಾರೆ ಎನ್ನುವವರು ಒಂದು ಲೆಕ್ಕ ನೋಡಬೇಕು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರ ಮಾರ್ಚ್‌ನಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಪದವಿ ಪಡೆದ ಯುವಜನರಲ್ಲಿ ನಿರುದ್ಯೋಗ ಶೇ. 29.1. ಓದು ಬರಹ ಬಾರದ ಯುವಜನರಲ್ಲಿ ಅದು ಶೇ. 3.4 ಮಾತ್ರ. ಓದಿದವನು ಅಪ್ಪನ ಸಂಬಳದಲ್ಲಿ ಕಾಯುತ್ತಾನೆ, ಓದದವನನ್ನು ಮನೆಯ ಅಕ್ಕಿ ಡಬ್ಬಿ ಕಾಯಲು ಬಿಡುವುದಿಲ್ಲ. ಇನ್ನು ಐರೋಲಿ, ಥಾಣೆಯ ಹುಡುಗರೆಲ್ಲ ಕಣ್ಣಿಟ್ಟ ಐಟಿ. 2023–24ರ ಒಂದೇ ಆರ್ಥಿಕ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರೂ ಸೇರಿ ಸಿಬ್ಬಂದಿ ಸಂಖ್ಯೆ ಸುಮಾರು 64 ಸಾವಿರದಷ್ಟು ಇಳಿಯಿತು. 2025ರ ಜುಲೈಯಲ್ಲಿ ಟಿಸಿಎಸ್ ಸುಮಾರು 12 ಸಾವಿರ ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಒಳಗಿದ್ದವರೇ ಹೊರಬರುವಾಗ ಬಾಗಿಲಲ್ಲಿ ನಿಂತ ಫ್ರೆಶರ್‌ಗಳ ಗತಿ ಹೇಳಬೇಕೆ?

ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ಬಣ್ಣದ ಕಾರ್ಖಾನೆಗಳಲ್ಲಿ ಕೆಮಿಸ್ಟ್ ಆಗಿ ದುಡಿದು ನಿವೃತ್ತನಾದ ಮೇಲೆ ನನ್ನ ಬಳಿಗೆ ಬಯೋಡಾಟಾ ಹಿಡಿದು ಬರುವ ಮಕ್ಕಳು ಹೆಚ್ಚಾಗಿದ್ದಾರೆ. ಸಂಘದ ಕಾರ್ಯಕ್ರಮದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕೆಲವೊಮ್ಮೆ ಲೋಕಲ್‌ನಲ್ಲಿ ನಿಂತಲ್ಲೇ, "ನಮ್ಮವನಿಗೆ ಏನಾದರೂ ನೋಡಿ" ಎಂಬ ಮಾತು. ನೋಡಿ ಕೊಡುವ ಶಕ್ತಿ ನನಗಿಲ್ಲ. ಆದರೆ ಕೆಲಸ ಹುಡುಕಿದವರನ್ನು, ಸಿಕ್ಕಿದ್ದನ್ನು ಬಿಟ್ಟವರನ್ನು, ಬೇಡವೆಂದೇ ಸೇರಿ ಕೊನೆಗೆ ಅಲ್ಲೇ ಬೇರೂರಿದವರನ್ನು ಹತ್ತಿರದಿಂದ ಕಂಡಿದ್ದೇನೆ.

ಹಿಂದಿನವರಿಗೆ ಕೆಲಸ ಸಿಗುತ್ತಿದ್ದ ದಾರಿಯೇ ಬೇರೆ. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಶಾಲೆಗೆ ಓಡಿ, ಮೆಟ್ರಿಕ್ ಮುಗಿಸಿದವರ ಮುಂಬಯಿ ಅದು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಷ್ಟು ಹಿಂದೆಯೇ ರಾತ್ರಿ ಶಾಲೆ ತೆರೆದಿತ್ತು. ಅಂಥ ಶಾಲೆಗಳಿಂದ ಬಂದವರು ಬ್ಯಾಂಕಿನ ಕ್ಲಾರ್ಕ್, ಆಡಿಟರ್, ವಕೀಲ, ಹೋಟೆಲ್ ಮಾಲಕ ಏನೆಲ್ಲ ಆದರು. 1906ರಲ್ಲಿ ಚಿತ್ರಾಪುರ ಸಾರಸ್ವತರು ಕಟ್ಟಿದ ಶಾಮರಾವ್ ವಿಠಲ್ ಬ್ಯಾಂಕ್, 1978ರಲ್ಲಿ ಬಿಲ್ಲವರು ಕಟ್ಟಿದ ಭಾರತ್ ಬ್ಯಾಂಕ್ ನಮ್ಮವರ ದುಡ್ಡಿಗೂ ದುಡಿಮೆಗೂ ನೆಲೆಯಾದವು. ಮಹಾರಾಷ್ಟ್ರದಲ್ಲಿ 1962ರಲ್ಲಿ ಎಂಐಡಿಸಿ ಎಂಬ ಕೈಗಾರಿಕಾ ಅಭಿವೃದ್ಧಿ ನಿಗಮ ಬಂದು ಥಾಣೆಯ ವಾಗ್ಳೆ ಎಸ್ಟೇಟ್‌ನಿಂದ ಶುರುಮಾಡಿ ಕಾರ್ಖಾನೆಗಳ ಸಾಲು ಎಬ್ಬಿಸಿದಾಗ ವಿಜ್ಞಾನ ಓದಿದವರೂ ಈ ಕಡೆ ಮನೆ ಮಾಡಿದರು. ಪರಿಚಯದವರೊಬ್ಬರು ಒಂದು ಮಾತು ಹೇಳಿದರೆ ಗೇಟಿನೊಳಗೆ ಕಾಲಿಡಬಹುದಿತ್ತು. ಈಗ ಆ ಮಾತಿಗೆ ಬೆಲೆಯಿಲ್ಲ, ಎಲ್ಲವೂ ಪೋರ್ಟಲ್. ಇದು ಒಂದು ಲೆಕ್ಕಕ್ಕೆ ಒಳ್ಳೆಯದೇ, ಪರಿಚಯವಿಲ್ಲದ ಬಡವರ ಮಕ್ಕಳಿಗೂ ಅರ್ಜಿ ಹಾಕಲು ಬಂತಲ್ಲ.

ಇಷ್ಟಾಗಿ, ಆ ಕಾಲದ ಕೆಲಸಗಳಲ್ಲಿ ತೃಪ್ತಿ ಇತ್ತೇ?

ನನ್ನ ಮೊದಲ ಫ್ಯಾಕ್ಟರಿಯಲ್ಲಿ ಬಣ್ಣಗಳಿಗೆ ಬೇಕಾದ ಎಚ್-ಆಸಿಡ್ ತಯಾರಾಗುತ್ತಿತ್ತು. ಶಿಫ್ಟ್ ಮುಗಿಸಿ ಮಿಂದರೆ ಬಚ್ಚಲ ನೀರಿಗೂ ಬಣ್ಣ. ಬಿಎಸ್ಸಿಯಲ್ಲಿ ಓದಿದ ನೈಟ್ರೇಷನ್ ಬೋರ್ಡಿನ ಮೇಲಿನ ಒಂದು ಬಾಣದ ಗುರುತಷ್ಟೇ ಆಗಿತ್ತು. ಸಾತಾರಾ ಕಡೆಯ ಹಿರಿಯ ಆಪರೇಟರ್ ಒಬ್ಬರು ನನ್ನನ್ನು ರಿಯಾಕ್ಟರ್ ಪಕ್ಕ ನಿಲ್ಲಿಸಿ, ಥರ್ಮಾಮೀಟರ್ ನೋಡುವ ಮೊದಲು ಸ್ಟಿರರಿನ ಸದ್ದು ಕೇಳು ಎಂದರು. ಒಳಗಿನ ದ್ರವ ದಪ್ಪವಾದಂತೆ ಮೋಟಾರಿನ ಗುಂಯ್‌ಗುಡುವಿಕೆ ತಗ್ಗುತ್ತದೆ, ಆಸಿಡ್ ಬಿಡುವ ವಾಲ್ವ್ ಮೇಲೆ ಕೈ ಇರಬೇಕಾದ ಹೊತ್ತು ಅದು. ಆ ಸದ್ದು ಕಿವಿಗೆ ಹತ್ತಿದ ರಾತ್ರಿ ನನಗೆ ಈ ಕೆಲಸ ನನ್ನದು ಅನ್ನಿಸಿತು. ಪಗಾರ ಅಷ್ಟೇ ಇತ್ತು, ವಾಸನೆಯೂ ಅಷ್ಟೇ ಇತ್ತು. ಕಾರ್ಖಾನೆ ಬದುಕನ್ನು ನಾನು ಹೊಗಳುತ್ತಿಲ್ಲ. ಇದೇ ಎಂಐಡಿಸಿಯಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ನಡೆದ ಸ್ಫೋಟಗಳಲ್ಲಿ ಕೆಲಸಕ್ಕೆ ಹೋದವರು ಮನೆಗೆ ಮರಳಲಿಲ್ಲ.

ತೃಪ್ತಿಯ ಇನ್ನೊಂದು ಪಾಲು ಆಫೀಸಿನ ಹೊರಗಿತ್ತು. ಕತೆಗಾರ ಯಶವಂತ ಚಿತ್ತಾಲರು ವೃತ್ತಿಯಿಂದ ಕೆಮಿಕಲ್ ಇಂಜಿನಿಯರ್, ಪ್ಲಾಸ್ಟಿಕ್ ಉದ್ಯಮದಲ್ಲಿ ದೊಡ್ಡ ಹುದ್ದೆಗೇರಿದವರು. 1979ರಲ್ಲಿ ಬಂದ ಅವರ ಕಾದಂಬರಿ 'ಶಿಕಾರಿ', ಕಂಪನಿಯೊಂದು ತನ್ನ ನೌಕರನನ್ನು ಅಮಾನತಿನಲ್ಲಿಟ್ಟ ಕತೆ. 1976ರಲ್ಲಿ ಮುಂಬಯಿಗೆ ಬಂದ ಜಯಂತ ಕಾಯ್ಕಿಣಿ ಎರಡು ದಶಕಕ್ಕೂ ಹೆಚ್ಚು ಕಾಲ ಔಷಧ ಉದ್ಯಮದಲ್ಲಿ ಜೀವರಸಾಯನ ವಿಜ್ಞಾನಿಯಾಗಿ ಕೆಲಸ ಮಾಡಿದರು, ಕತೆಗಳನ್ನೂ ಬರೆದರು. ಹೆಸರಾಗದ ಸಾವಿರ ಮಂದಿ ಹಗಲು ಲೆಜರ್ ಬರೆದು, ರಾತ್ರಿ ಯಕ್ಷಗಾನದ ಗೆಜ್ಜೆ ಕಟ್ಟಿದರು, ನಾಟಕ ಆಡಿದರು, ಸಂಘದ ಶಾಲೆಗೆ ಚಂದಾ ಎತ್ತಿದರು. ಅವರಿಗೆ ಸಂಜೆ ಎಂಬುದೊಂದಿತ್ತು.

ಇಂದಿನ ಹುಡುಗರ ಕೈಯಿಂದ ಜಾರಿದ್ದು ಆ ಸಂಜೆ. ಡೊಂಬಿವಲಿಯಿಂದ ಐರೋಲಿಗೆ ಹೋಗುವ ಹುಡುಗಿಯೊಬ್ಬಳ ದಿನ ನೋಡಿ. ತುಂಬಿ ತುಳುಕುವ ಲೋಕಲ್ ಹಿಡಿದು ಥಾಣೆಗೆ, ಅಲ್ಲಿ ಸೇತುವೆ ಹತ್ತಿ ಇಳಿದು ಟ್ರಾನ್ಸ್-ಹಾರ್ಬರ್ ಗಾಡಿ, ಮತ್ತೆ ಶೇರ್ ರಿಕ್ಷಾ. ಕಲ್ಯಾಣ್ ಕಡೆಯವರು ಥಾಣೆಗೆ ಹೋಗದೆ ನೇರ ನವಿಮುಂಬಯಿ ತಲುಪುವಂತೆ ಮಾಡಬೇಕಾದ ಕಳವಾ–ಐರೋಲಿ ಮಾರ್ಗ ವರ್ಷಗಳಿಂದ ನೆನೆಗುದಿಗೆ ಬಿದ್ದಿದೆ. ಅದರ ಭಾಗವಾದ ದಿಘಾ ಗಾಂವ್ ಸ್ಟೇಷನ್ ಮಾತ್ರ 2024ರ ಜನವರಿ 12ರಂದು ತೆರೆಯಿತು. 2025ರ ಜೂನ್ 9ರ ಬೆಳಗ್ಗೆ ದಿವಾ–ಮುಂಬ್ರಾ ನಡುವೆ ಎದುರುಬದುರಾದ ಎರಡು ಗಾಡಿಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತದ್ದನ್ನು ಈ ಲೈನಿನವರು ಯಾರೂ ಮರೆತಿಲ್ಲ. ಅವರಲ್ಲಿ ಕೆಲಸಕ್ಕೆ ಹೊರಟವರಿದ್ದರು.

ಆದ್ದರಿಂದ ಆಫರ್ ಲೆಟರ್ ತಂದು ತೋರಿಸುವವರಿಗೆ ನಾನು ಕೇಳುವುದು ಎರಡು ವಿಷಯ. ಅಲ್ಲಿ ಕೈಗೆ ಹತ್ತುವ ವಿದ್ಯೆ ಯಾವುದು, ಅದನ್ನು ಕಲಿಸುವ ಹಿರಿಯರು ಯಾರಾದರೂ ಇದ್ದಾರೆಯೇ? ಮನೆಗೆ ಬಂದ ಮೇಲೆ ನಿನ್ನದೆಂಬ ಹೊತ್ತು ಎಷ್ಟು ಉಳಿಯುತ್ತದೆ? ಸಿಟಿಸಿ ಅಂಕಿಯ ಬಗ್ಗೆ ಆಮೇಲೆ ಮಾತಾಡಬಹುದು. ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ ಎಲ್ಲ ಅದರಲ್ಲೇ ಸೇರಿಕೊಂಡು ಕೈಗೆ ಬರುವುದು ಬೇರೆಯೇ ಇರುತ್ತದೆ. ಎರಡೂ ಪ್ರಶ್ನೆಗೆ ಉತ್ತರ ಇಲ್ಲದ ಕೆಲಸ ಹೆಚ್ಚು ಪಗಾರದ್ದಾದರೂ ಬಾಳುವುದು ಕಡಿಮೆ. ಒಂದಕ್ಕಾದರೂ ಉತ್ತರವಿದ್ದರೆ ಹೆಸರಿಲ್ಲದ ಕಂಪನಿಯಾದರೂ ಸೇರಬಹುದು.

ಇದಕ್ಕೆ ನಾನು ಎಲ್ಲರಿಗೂ ಹೇಳುವ ಉದಾಹರಣೆ ಕಲ್ಯಾಣದ ಒಬ್ಬ ಹುಡುಗ. ತಂದೆ ಹೋಟೆಲ್ ಮ್ಯಾನೇಜರ್. ಮಗ ಬಿಕಾಂ, ಸೆಕೆಂಡ್ ಕ್ಲಾಸ್. ಬ್ಯಾಂಕ್ ಪರೀಕ್ಷೆ, ಕಾಲ್ ಸೆಂಟರ್ ಎಲ್ಲ ಸುತ್ತಿ ಕೊನೆಗೆ ವಾಶಿಯ ಒಂದು ಸಣ್ಣ ಕಸ್ಟಮ್ಸ್ ಕ್ಲಿಯರಿಂಗ್ ಆಫೀಸಿಗೆ ಸೇರಿದ. 1989ರಲ್ಲಿ ನ್ಹಾವಾ ಶೇವಾ ಬಂದರು ಶುರುವಾದಂದಿನಿಂದ ಇಂಥ ಆಫೀಸುಗಳು ನವಿಮುಂಬಯಿಯಲ್ಲಿ ಬೇಕಾದಷ್ಟಿವೆ, ನಮ್ಮ ಮನೆಗಳಲ್ಲಿ ಮಾತ್ರ ಅವುಗಳ ಸುದ್ದಿಯಿಲ್ಲ. ಮೊದಮೊದಲು ಅವನದು ಫೈಲು ಹೊರುವ ಕೆಲಸ, ಬಂದರಿನ ಪಕ್ಕದ ದ್ರೋಣಗಿರಿಯ ಬಿಸಿಲಿನಲ್ಲಿ ಕಂಟೇನರ್ ಬಾಗಿಲು ತೆಗೆಯುವುದನ್ನು ಕಾಯುವ ಕೆಲಸ. "ಡಿಗ್ರಿ ಮಾಡಿ ಇದಾ?" ಎಂದು ತಾಯಿ ಅತ್ತದ್ದೂ ಉಂಟು.

ಈಗ ಅವನೊಡನೆ ಚಹಾ ಕುಡಿಯಲು ಕೂತರೆ ಮಾತು ನಿಲ್ಲುವುದಿಲ್ಲ. "ಅಂಕಲ್, ಪ್ಲಾಸ್ಟಿಕ್ ಎಂದರೆ ಎಲ್ಲ ಒಂದೇ ಅಲ್ಲ" ಎನ್ನುತ್ತಾನೆ. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿ ಕಸ್ಟಮ್ಸ್ ಟ್ಯಾರಿಫ್‌ನ 39ನೇ ಅಧ್ಯಾಯಕ್ಕೆ, ಮಗುವಿನ ಪ್ಲಾಸ್ಟಿಕ್ ಕಾರು 95ನೆಯದಕ್ಕೆ. ಆಟಿಕೆಗಳ ಮೂಲ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಎಂಟು ಅಂಕಿಯ ಕೋಡಿನಲ್ಲಿ ಒಂದು ತಪ್ಪಿದರೆ ಸರಕು ತರಿಸಿದ ಪಾರ್ಟಿಗೆ ಲಕ್ಷಗಟ್ಟಲೆ ಹೊಡೆತ. ಯಾವ ಸರಕು ಎಲ್ಲಿ ಕೂರುತ್ತದೆ ಎಂದು ಬಿಡಿಸುವುದರಲ್ಲಿ ಅವನಿಗೆ ಚಟ ಹತ್ತಿದೆ. ಕಸ್ಟಮ್ಸ್ ನಡೆಸುವ ಜಿ-ಕಾರ್ಡ್ ಪರೀಕ್ಷೆ ಪಾಸು ಮಾಡಿಕೊಂಡ. ಬ್ರೋಕರ್ ಲೈಸೆನ್ಸಿಗೆ ದಾರಿಯಾದ ಎಫ್-ಕಾರ್ಡ್ ಪರೀಕ್ಷೆಗೆ ಓದುತ್ತಿದ್ದಾನೆ. ಮೂರು ವರ್ಷದ ಬಿಕಾಂನಲ್ಲಿ ಅವನು ಇಷ್ಟು ಆಸೆಯಿಂದ ಪುಸ್ತಕ ತೆರೆದದ್ದನ್ನು ನೋಡಿಲ್ಲ ಎಂದು ಈಗ ಅದೇ ತಾಯಿ ಹೇಳುತ್ತಾರೆ.

ಎಲ್ಲರಿಗೂ ಬಂದರು ಹಿಡಿಸಬೇಕೆಂದಿಲ್ಲ. ಐಟಿ ಕಂಪನಿಯ ಜಾಯಿನಿಂಗ್ ಡೇಟ್ ಮುಂದೆ ಮುಂದೆ ಹೋಗುತ್ತಿದ್ದಾಗ ಕಾದು ಬೇಸತ್ತ ಥಾಣೆಯ ಹುಡುಗಿಯೊಬ್ಬಳು ಡೇಟಾ ಸೆಂಟರ್ ಸೇರಿದಳು. ರಬಾಳೆ, ಮಹಾಪೆ, ಐರೋಲಿಯಲ್ಲಿ ಅವು ಸಾಲಾಗಿವೆ, ಪನ್ವೇಲ್‌ನಲ್ಲಿ ಯೋಟ್ಟಾ ಕಂಪನಿಯದ್ದು 2020ರಲ್ಲಿ ಶುರುವಾಯಿತು. ಶಿಫ್ಟ್ ಕೆಲಸ, ರಾತ್ರಿಗೆ ಕಂಪನಿ ಕ್ಯಾಬ್. ಹಗಲು ಕೈಗೆ ಸಿಗುವುದರಿಂದ ಬಿಟ್ಟುಹೋದ ಭರತನಾಟ್ಯವನ್ನು ಮತ್ತೆ ಹಿಡಿದಿದ್ದಾಳೆ. ಈ ಕೆಲಸ ಅವಳಿಗೆ ಪ್ರಾಣವೇನಲ್ಲ, ಹಾಗೆಂದು ಅವಳು ನಟಿಸುವುದೂ ಇಲ್ಲ.

ಎಲ್ಲೂ ಸಿಗದೆ ಕೂತವರಿಗೆ ಅಪ್ರೆಂಟಿಸ್‌ಶಿಪ್ ಇದೆ. 1961ರ ಕಾಯ್ದೆಯಡಿ ನಡೆಯುವ ಇದನ್ನು ಐಟಿಐ ಹುಡುಗರದ್ದೆಂದು ನಮ್ಮವರು ಬದಿಗಿಡುತ್ತಾರೆ. ಪದವೀಧರರಿಗೂ ಇದು ಉಂಟು, 2019ರ ನಿಯಮದಂತೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಲಾಯಿತು. ಇದನ್ನು ನೋಡಿಕೊಳ್ಳುವ ಪಶ್ಚಿಮ ವಲಯದ ಅಪ್ರೆಂಟಿಸ್‌ಶಿಪ್ ಮಂಡಳಿಯ ಕಚೇರಿ ಸಯನ್‌ನಲ್ಲೇ ಇದೆ. ರಾಜ್ಯ ಸರಕಾರ 2024ರಲ್ಲಿ ತಂದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 10,000 ರೂಪಾಯಿ ಇಡಲಾಗಿತ್ತು. ಬಾಳು ನಡೆಸುವ ಮೊತ್ತ ಅಲ್ಲ, ನಿಜ. ಖಾಲಿ ಬಯೋಡಾಟಾದಲ್ಲಿ ಒಂದು ಸಾಲು ಬರೆಯಲು ಸಾಕು. ರಿಜಿಸ್ಟ್ರೇಷನ್ ಫೀ, ಟ್ರೇನಿಂಗ್ ಡಿಪಾಸಿಟ್ ಎಂದು ದುಡ್ಡು ಕೇಳುವ ಏಜೆಂಟರ ಮುಂದೆ ಕೂತವರು ಎದ್ದು ಬರಬೇಕು. ಕೆಲಸ ಕೊಡುವವರು ಪಗಾರ ಕೊಡುತ್ತಾರೆ, ತೆಗೆದುಕೊಳ್ಳುವುದಿಲ್ಲ.

ಥಾಣೆಯಿಂದ ಪನ್ವೇಲ್‌ವರೆಗೆ ನಮ್ಮ ಸಂಘಗಳಿಗೆ ಸಭಾಗೃಹಗಳಿವೆ. ವಿದ್ಯಾರ್ಥಿವೇತನ ಹಂಚುತ್ತೇವೆ, ಶಾಲು ಹೊದಿಸಿ ಫೋಟೋ ತೆಗೆಸುತ್ತೇವೆ. ಡಿಗ್ರಿ ಕೈಗೆ ಬಂದ ದಿನದಿಂದ ಆ ಮಕ್ಕಳನ್ನು ಕೇಳುವವರಿಲ್ಲ. ಕಸ್ಟಮ್ಸ್, ಬ್ಯಾಂಕು, ಫಾರ್ಮಾ, ಬಂದರು, ಹೋಟೆಲ್ ಹೀಗೆ ಎಲ್ಲೆಡೆ ದುಡಿದು ನಿವೃತ್ತರಾದವರು ನಮ್ಮಲ್ಲಿ ಎಷ್ಟಿಲ್ಲ? ಭಾನುವಾರ ಬೆಳಗ್ಗೆ ಸಭಾಗೃಹದ ಬಾಗಿಲು ತೆಗೆದು, ನಾಲ್ಕು ಕುರ್ಚಿ ಹಾಕಿ, ಅವರು ಎರಡು ಗಂಟೆ ಕೂತು ಮಾತಾಡಲಿ. ಸನ್ಮಾನ ಬೇಡ, ಮೈಕೂ ಬೇಡ. ಯಾವ ಸಂಘದವರು ಕರೆದರೂ ಎಂಐಡಿಸಿಯ ಕುರ್ಚಿಯೊಂದಕ್ಕೆ ನಾನು ಬರುತ್ತೇನೆ.