ಹಳೆಯ ಪವರ್ ಟಿಲ್ಲರ್ ಎಂಜಿನ್ – ಸ್ಟಾರ್ಟಿಂಗ್ ದೋಷ ಪತ್ತೆ: ಮುಖ್ಯಾಂಶಗಳು
(ಅರಸೀಕೆರೆ–ಬೇಲೂರು–ಹಳೇಬೀಡು ಪ್ರದೇಶದ ಹಿನ್ನೆಲೆಯಲ್ಲಿ)

ಯಂತ್ರ, ಇಸವಿ, ಸಂಸ್ಥೆ

• ಪವರ್ ಟಿಲ್ಲರ್ – ಎರಡು ಗಾಲಿಯ, ಹಿಂದೆ ನಡೆಯುತ್ತ ನಡೆಸುವ ಉಳುಮೆ ಯಂತ್ರ. ತೆಂಗು, ಅಡಿಕೆ, ಶುಂಠಿ, ಗದ್ದೆ ಬೇಸಾಯದ ಸಂಗಾತಿ
• ಪರಿಕಲ್ಪನೆ – 1920. ಯಶಸ್ವಿ ಮೊದಲ ಮಾದರಿ – 1947. ವ್ಯಾಪಕ ಬಳಕೆಯ ಮೊದಲ ದೇಶ – ಜಪಾನ್
• ಭಾರತಕ್ಕೆ ಪ್ರವೇಶ – 1963
• ವಿ.ಎಸ್.ಟಿ. ಟಿಲ್ಲರ್ಸ್ ಟ್ರ್ಯಾಕ್ಟರ್ಸ್ – 1967, ಬೆಂಗಳೂರು. ತಾಂತ್ರಿಕ ಸಹಯೋಗ – ಮಿತ್ಸುಬಿಷಿ, ಜಪಾನ್. ಹೆಸರಾದ ಮಾದರಿ – 'ಶಕ್ತಿ 130 ಡಿ.ಐ.', 13 ಅಶ್ವಶಕ್ತಿ, ಅಡ್ಡ ಸಿಲಿಂಡರ್ ಒಂದು, ನಾಲ್ಕು ಸ್ಟ್ರೋಕ್, ನೀರು ತಂಪು
• ಕಾಮ್ಕೊ – 1973, ಅತ್ತಾಣಿ, ಕೇರಳ. ತಂತ್ರಜ್ಞಾನ ಮೂಲ – ಕುಬೋಟಾ, ಜಪಾನ್
• ಮೈಕೋ – 1951, ಬೆಂಗಳೂರು. ಉತ್ಪನ್ನ – ಸ್ಪಾರ್ಕ್ ಪ್ಲಗ್, ಡೀಸೆಲ್ ಇಂಜೆಕ್ಷನ್ ಪಂಪ್. 2008ರಿಂದ ಹೆಸರು – ಬಾಷ್ ಲಿಮಿಟೆಡ್
• ಕೃಷಿ ಯಂತ್ರಧಾರೆ (ರಾಜ್ಯದ ಬಾಡಿಗೆ ಯಂತ್ರ ಕೇಂದ್ರಗಳು) – 2014-15
• ರುಡಾಲ್ಫ್ ಡೀಸೆಲ್ – ಜನನ 1858, ಪ್ಯಾರಿಸ್, ಪೇಟೆಂಟ್ 1893, ಯಶಸ್ವಿ ಪರೀಕ್ಷೆ 1897, ಆಗ್ಸ್‌ಬರ್ಗ್, ಮರಣ 1913

ಪ್ರದೇಶ: ದೋಷಕ್ಕೂ ನೆಲಕ್ಕೂ ಇರುವ ನಂಟು

• ಅರಸೀಕೆರೆ – ಮಧ್ಯ ಒಣ ವಲಯ (ವಲಯ 4). ಎತ್ತರ ಸುಮಾರು 800 ಮೀ.; ತೆಂಗು, ರಾಗಿ; ಮೊದಲ ಶಂಕೆ – ದೂಳು: ಏರ್ ಕ್ಲೀನರ್ ಕಟ್ಟಿಕೊಳ್ಳುವಿಕೆ, ರಿಂಗ್–ಲೈನರ್ ಸವೆತ
• ಬೇಲೂರು – ದಕ್ಷಿಣ ಸಂಕ್ರಮಣ ವಲಯ (ವಲಯ 7). ಎತ್ತರ ಸುಮಾರು 975 ಮೀ.; ಕಾಫಿ, ಮೆಣಸು, ಭತ್ತ, ಶುಂಠಿ; ಮೊದಲ ಶಂಕೆ – ನೀರು: ಅರ್ಧ ತುಂಬಿದ ಟ್ಯಾಂಕ್‌ನೊಳಗೆ ಮಳೆಗಾಲದ ತೇವ, ತಳದಲ್ಲಿ ನೀರು, ಪಂಪ್‌ನ ಪ್ಲಂಜರ್‌ಗೆ ತುಕ್ಕು
• ಹಳೇಬೀಡು – ಬೇಲೂರು ತಾಲ್ಲೂಕಿನ ಹೋಬಳಿ; ಎತ್ತರ ಸುಮಾರು 880 ಮೀ.; ಎರಡೂ ಶಂಕೆ ಸಮ
• ವಾಯುಒತ್ತಡ – ಮೂರೂ ಕಡೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 9ರಿಂದ 11 ಕಡಿಮೆ. ಹೊಸ ಎಂಜಿನ್‌ಗೆ ಲೆಕ್ಕಕ್ಕಿಲ್ಲ, ಸವೆದ ಎಂಜಿನ್‌ಗೆ ಚಳಿಗಾಲದ ಮುಂಜಾನೆ ಇದೇ ದೊಡ್ಡ ಕೊರತೆ

ತತ್ವ

• ಡೀಸೆಲ್ ಎಂಜಿನ್‌ಗೆ ಕಿಡಿ ಇಲ್ಲ. ಒತ್ತಿದ ಗಾಳಿಯ ಕಾವಿನಿಂದಲೇ ದಹನ
• ಸಂಪೀಡನ ಅನುಪಾತ – ಡೀಸೆಲ್ 14:1ರಿಂದ 22:1. ಹಳೆಯ ಪೆಟ್ರೋಲ್ 5:1ರಿಂದ 8:1
• ಒತ್ತಿದ ಗಾಳಿಯ ಉಷ್ಣತೆ – ಸುಮಾರು 500–600° ಸೆ.; ಡೀಸೆಲ್‌ನ ಸ್ವಯಂ ದಹನ ಉಷ್ಣತೆ – 210° ಸೆ. ಆಸುಪಾಸು
• ಸ್ಟಾರ್ಟ್ ಆಗಲು ಬೇಕಾದವು 3 – ಸಂಪೀಡನ, ಶುದ್ಧ ಇಂಧನ, ಸರಿಯಾದ ಇಂಜೆಕ್ಷನ್ ಸಮಯ
• ಪತ್ತೆಯ ಕ್ರಮ – ಇಂಧನ, ಗಾಳಿ, ಸಂಪೀಡನ, ಟೈಮಿಂಗ್. ಹೆಡ್ ಬಿಚ್ಚುವುದು ಕಟ್ಟಕಡೆಯ ಹೆಜ್ಜೆ. ಸವೆದ ತಾಮ್ರದ ವಾಷರ್ ಒಂದರ ದೋಷಕ್ಕೆ ಹಳೆಯ ಎಂಜಿನ್ ಪೂರ್ತಿ ಬಿಚ್ಚುವುದು ತಪ್ಪು ಮಾತ್ರವಲ್ಲ, ಎಂಜಿನ್‌ಗೂ ಅನ್ಯಾಯ.

ಹೊಗೆಯೇ ಮೊದಲ ಸಾಕ್ಷಿ

• ಹ್ಯಾಂಡಲ್ ಹೊಡೆದಾಗ ಹೊಗೆಯೇ ಇಲ್ಲ – ಸಿಲಿಂಡರ್‌ಗೆ ಇಂಧನ ತಲುಪಿಲ್ಲ
• ಬಿಳಿ ಹೊಗೆ – ಇಂಧನ ತಲುಪಿದೆ, ಉರಿದಿಲ್ಲ. ಕಾರಣ: ಸಂಪೀಡನ ಕೊರತೆ, ಚಳಿ, ತಡವಾದ ಟೈಮಿಂಗ್, ಇಂಧನದಲ್ಲಿ ನೀರು
• ಕಪ್ಪು – ಗಾಳಿ ಸಾಲದು. ಏರ್ ಕ್ಲೀನರ್ ಅಥವಾ ತೊಟ್ಟಿಕ್ಕುವ ನಾಝಲ್
• ನೀಲಿ – ಎಂಜಿನ್ ಆಯಿಲ್ ಉರಿಯುವಿಕೆ. ರಿಂಗ್, ವಾಲ್ವ್ ಗೈಡ್ ಸವೆತ

ಏರ್ ಲಾಕ್ (ಅತಿ ಮುಖ್ಯ)

• ಸಂದರ್ಭ – ಟ್ಯಾಂಕ್ ಪೂರ್ತಿ ಖಾಲಿಯಾದ ನಂತರ. ಫಿಲ್ಟರ್ ಬದಲಿಸಿದ ನಂತರ. ತಿಂಗಳುಗಟ್ಟಲೆ ನಿಂತ ಯಂತ್ರ
• ಏರ್ ತೆಗೆಯುವ ಕ್ರಮ – ಟ್ಯಾಂಕ್ ಕಾಕ್, ಫಿಲ್ಟರ್‌ನ ಬ್ಲೀಡಿಂಗ್ ಸ್ಕ್ರೂ, ಪಂಪ್‌ನ ಬ್ಲೀಡಿಂಗ್ ಸ್ಕ್ರೂ, ಕೊನೆಗೆ ನಾಝಲ್ ಕಡೆಯ ಪೈಪ್ ನಟ್
• ಗುರುತು – ಮೊದಲು ನೊರೆ, ಆಮೇಲೆ ಬಿಟ್ಟುಬಿಟ್ಟು ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಧಾರೆ. ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿತ
• ಗುಳ್ಳೆ ನಿಲ್ಲದಿದ್ದರೆ – ತಾಮ್ರದ ವಾಷರ್, ಬಿರುಕು ಬಿಟ್ಟ ರಬ್ಬರ್ ಪೈಪ್
• ಧಾರೆಯೇ ಸಣ್ಣದಾದರೆ – ಟ್ಯಾಂಕ್ ಮುಚ್ಚಳದ ಗಾಳಿರಂಧ್ರ, ಕಟ್ಟಿದ ಫಿಲ್ಟರ್
• ಸರಿಹೋದದ್ದಕ್ಕೆ ಸಾಕ್ಷಿ – ಹ್ಯಾಂಡಲ್ ತಿರುಗಿಸುವಾಗ ನಾಝಲ್‌ನಿಂದ 'ಕಿರ್... ಕಿರ್' ಸದ್ದು. ಕಿವಿಗೆ ಈ ಸದ್ದು ಪಕ್ಕಾ ಆದವರಿಗೆ ಅರ್ಧ ಪತ್ತೆ ಮುಗಿದಂತೆ.

ನಾಝಲ್, ಪಂಪ್

• ನಾಝಲ್ ತೆರೆಯುವ ಒತ್ತಡ – ಪೂರ್ವದಹನ ಕೋಣೆಯ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 100–150 ಕೆ.ಜಿ./ಚ.ಸೆಂ.ಮೀ.; ಡಿ.ಐ. (ನೇರ ಇಂಜೆಕ್ಷನ್) ಎಂಜಿನ್‌ಗಳಲ್ಲಿ 180–250
• ಉತ್ತಮ ನಾಝಲ್ – ಮಂಜಿನಂಥ ಸಿಂಪರಣೆ; ಕೆಟ್ಟದ್ದು – ಧಾರೆ, ತೊಟ್ಟು
• ಎಚ್ಚರಿಕೆ – ನಾಝಲ್ ಸಿಂಪರಣೆಗೆ ಕೈ ಒಡ್ಡುವುದು ನಿಷಿದ್ಧ. ಡೀಸೆಲ್ ಚರ್ಮ ತೂರಿ ರಕ್ತ ಸೇರುವ ಅಪಾಯ

ಸಂಪೀಡನ ಪರೀಕ್ಷೆ

• ಡಿಕಂಪ್ರೆಷನ್ ಲಿವರ್ ಎತ್ತಿ ತಿರುಗಿಸಿದಾಗ ಹಗುರ. ಬಿಟ್ಟಾಗ ಗಟ್ಟಿ ತಡೆ – ಸಂಪೀಡನ ಸರಿ
• ಲಿವರ್ ಬಿಟ್ಟರೂ ಹ್ಯಾಂಡಲ್ ಹಗುರ – ಸೋರಿಕೆ
• ಇನ್‌ಲೆಟ್ ಮೂಲಕ ನಾಲ್ಕಾರು ಹನಿ ಎಂಜಿನ್ ಆಯಿಲ್. ತಡೆ ಹೆಚ್ಚಿದರೆ ರಿಂಗ್–ಲೈನರ್ ದೋಷ. ಹೆಚ್ಚದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್
• ಟ್ಯಾಪೆಟ್ ಸಂದು – ಸಣ್ಣ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 0.20–0.30 ಮಿ.ಮೀ., ಎಂಜಿನ್ ತಣ್ಣಗಿದ್ದಾಗ. ಸಂದು ಸೊನ್ನೆಯಾದರೆ ವಾಲ್ವ್ ಕೂರದೆ ಸಂಪೀಡನ ನಷ್ಟ
• ಹ್ಯಾಂಡಲ್ ಹಿಡಿತ – ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಬದಿಯಲ್ಲೇ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಉಳಿಸುವ ನಿಯಮ

ಇಂಧನ

• ಡೀಸೆಲ್ ಮಾನಕ – ಐ.ಎಸ್. 1460, ಬಿ.ಎಸ್.-6 ದೇಶಾದ್ಯಂತ – 1 ಏಪ್ರಿಲ್ 2020. ಸೀಟೇನ್ ಕನಿಷ್ಠ 51. ಗಂಧಕ ಗರಿಷ್ಠ 10 ಪಿ.ಪಿ.ಎಂ.
• ಡೀಸೆಲ್ ಸ್ನಿಗ್ಧತೆ – 40° ಸೆ.ನಲ್ಲಿ 2.0–4.5 ಸೆಂಟಿಸ್ಟೋಕ್; ಹಸಿ ಹೊಂಗೆ ಎಣ್ಣೆ – ಸುಮಾರು ಹತ್ತು ಪಟ್ಟು; ತಣ್ಣನೆಯ ಎಂಜಿನ್‌ಗೆ ಹಸಿ ಹೊಂಗೆ ಎಣ್ಣೆ ಸಲ್ಲದು
• ಜೈವಿಕ ಇಂಧನ ಪಾರ್ಕ್ – ಮಡೆನೂರು, ಹಾಸನ ತಾಲ್ಲೂಕು
• ಇ20 ಪೆಟ್ರೋಲ್ (ಎಥನಾಲ್ ಶೇ. 20) – ಬಿಡುಗಡೆ 6 ಫೆಬ್ರವರಿ 2023, ಬೆಂಗಳೂರು. ಎಥನಾಲ್‌ಗೆ ನೀರು ಹೀರುವ ಗುಣ; ಆದ್ದರಿಂದ ಕಾಫಿ ತೋಟದ ಹಳೆಯ ಸ್ಪ್ರೇಯರ್, ಪೆಟ್ರೋಲ್ ಪಂಪ್‌ಸೆಟ್‌ಗಳ ಕಾರ್ಬುರೇಟರ್ ಪ್ರತಿ ಹಂಗಾಮಿನ ಕೊನೆಗೆ ಖಾಲಿ ಮಾಡಬೇಕು
• ಪೆಟ್ರೋಲ್ ಎಂಜಿನ್‌ನ ಸ್ಪಾರ್ಕ್ ಪ್ಲಗ್ ಸಂದು – ಸಾಮಾನ್ಯವಾಗಿ 0.6–0.7 ಮಿ.ಮೀ.; ಕಾಂಟ್ಯಾಕ್ಟ್ ಬ್ರೇಕರ್ ಪಾಯಿಂಟ್ ಸಂದು – 0.3–0.4 ಮಿ.ಮೀ.

ಗೊಂದಲಕ್ಕೆಡೆಯಾಗುವ ಜೋಡಿಗಳು

• ಸೀಟೇನ್ – ಡೀಸೆಲ್. ಆಕ್ಟೇನ್ – ಪೆಟ್ರೋಲ್
• ಇಂಜೆಕ್ಟರ್ – ಡೀಸೆಲ್; ಕಾರ್ಬುರೇಟರ್ – ಹಳೆಯ ಪೆಟ್ರೋಲ್
• ಡಿಕಂಪ್ರೆಷನ್ ಲಿವರ್ – ಸ್ಟಾರ್ಟ್ ಮಾಡಲು, ನಿಲ್ಲಿಸಲು ಅಲ್ಲ. ನಿಲ್ಲಿಸಲು ಇಂಧನ ಕಡಿತ
• 'ಡಬ್ಲ್ಯೂ' (20ಡಬ್ಲ್ಯೂ-40 ಆಯಿಲ್) – ವಿಂಟರ್, ಅಂದರೆ ಚಳಿಗಾಲ, ವೆಯ್ಟ್ ಅಲ್ಲ
• ಅರಸೀಕೆರೆ – ತಾಲ್ಲೂಕು; ಹಳೇಬೀಡು – ತಾಲ್ಲೂಕು ಅಲ್ಲ, ಹೋಬಳಿ